ಒಂದು ಸೈಕಲ್ಲಿಗೆ ಎಷ್ಟು ಜಾಗ ಬೇಕು?

ಊರಿನ ಪ್ರೌಢಶಾಲೆಯ ವಾರ್ಷಿಕ ಕ್ರೀಡೋತ್ಸವವೆಂದರೆ ಓಟ, ಎತ್ತರ ಜಿಗಿತ, ಗುಂಡೆಸೆತಗಳು ಇದ್ದೇ ಇರುತ್ತವೆ. ಆದರೆ ಬಿಸಿಲು ಇಳಿದು, ಬಹುಮಾನ ಹಂಚುವ ಅತಿಥಿಗಳು ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ನಡೆಯುವ ಒಂದು ಪಂದ್ಯಕ್ಕೆ ಸೇರುವಷ್ಟು ಜನ ಬೇರಾವುದಕ್ಕೂ ಸೇರುವುದಿಲ್ಲ. ಅದು ನಿಧಾನ ಸೈಕಲ್ ಸವಾರಿಯ ಪಂದ್ಯ. ಡ್ರಿಲ್ ಮಾಸ್ತರರು ಸುಣ್ಣದ ಪುಡಿಯಿಂದ ಮೈದಾನದ ಉದ್ದಕ್ಕೂ ಗೆರೆಗಳನ್ನೆಳೆದು ಒಬ್ಬೊಬ್ಬ ಸವಾರನಿಗೆ ಒಂದೊಂದು ಓಣಿಯನ್ನು ಕೊಟ್ಟಿರುತ್ತಾರೆ. ಸೀಟಿ ಊದಿದೊಡನೆ ಎಲ್ಲರೂ ಹೊರಡಬೇಕು. ಆದರೆ ಕಟ್ಟಕಡೆಗೆ ಗುರಿ ಮುಟ್ಟಿದವನೇ ಗೆದ್ದವನು. ಕಾಲನ್ನು ನೆಲಕ್ಕೆ ಊರಿದವನು ಸೋತ. ಗೆರೆಯನ್ನು ದಾಟಿದವನೂ ಸೋತ.

ಸಂತೆಬೀದಿಯಲ್ಲಿ ದಿನವೂ ಎರಡೂ ಕೈ ಬಿಟ್ಟು ಸವಾರಿ ಮಾಡಿ ಮೆರೆಯುವ ಹುಡುಗನು ಇಲ್ಲಿ ಹತ್ತು ಗಜ ಸಾಗುವುದರೊಳಗಾಗಿ ಪಕ್ಕದವನ ಓಣಿಗೆ ನುಗ್ಗಿ, ಅವನನ್ನೂ ಕೆಡವಿ, ತಾನೂ ಬೀಳುತ್ತಾನೆ. ಹ್ಯಾಂಡಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನ ಹೆಡೆಯಂತೆ ಆಡುತ್ತದೆ. ನೋಡುವವರಿಗೆ ನಗೆ, ಆಡುವವರಿಗೆ ಬೆವರು. ಸೂಕ್ಷ್ಮವಾಗಿ ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದಿರದು: ಗೆರೆ ದಾಟಿ ಸೋತ ಹುಡುಗರಲ್ಲಿ ಸವಾರಿ ಬಾರದವರು ಯಾರೂ ಇಲ್ಲ. ಅವರಿಗೆ ಸಾಲದೆ ಬಂದದ್ದು ವಿದ್ಯೆಯಲ್ಲ, ಜಾಗ.

ರಸ್ತೆಯ ಮೇಲೆ ಸೈಕಲ್ ಸವಾರನಿಗೆ ಎಷ್ಟು ಅಗಲ ಬೇಕೆಂಬ ಪ್ರಶ್ನೆ ಬಂದಾಗ ಹ್ಯಾಂಡಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳತೆ ಹಿಡಿದು ಉತ್ತರ ಹೇಳುವವರು ಬಹಳ ಮಂದಿ. ಆ ಲೆಕ್ಕವು ಗೋಡೆಗೆ ಒರಗಿಸಿಟ್ಟ ಸೈಕಲ್ಲಿಗೆ ಸರಿ. ಮೇಲೆ ಮನುಷ್ಯನೊಬ್ಬನು ಕುಳಿತು ಪೆಡಲ್ ತುಳಿಯತೊಡಗಿದ ಕೂಡಲೇ ಅದು ಕೆಟ್ಟುಹೋಗುತ್ತದೆ.

ಬೀಳುತ್ತಲೇ ಸಾಗುವ ವಾಹನ

ಎತ್ತಿನ ಗಾಡಿ ನಿಂತಲ್ಲಿ ನಿಲ್ಲಬಲ್ಲುದು, ಮೋಟಾರು ನಿಲ್ಲಬಲ್ಲುದು, ಸೈಕಲ್ಲು ನಿಲ್ಲಲಾರದು. ಅದು ಪ್ರತಿ ಕ್ಷಣವೂ ಯಾವುದಾದರೊಂದು ಪಕ್ಕಕ್ಕೆ ಬೀಳುತ್ತಲೇ ಇರುತ್ತದೆ. ಬೀಳುತ್ತಿರುವ ಪಕ್ಕಕ್ಕೇ ಮುಂದಿನ ಚಕ್ರವನ್ನು ತುಸು ಹೊರಳಿಸಿ, ಚಕ್ರಗಳನ್ನು ಮತ್ತೆ ದೇಹದ ಭಾರದ ಅಡಿಗೆ ತಂದುಕೊಳ್ಳುವುದೇ ಸವಾರಿಯ ಗುಟ್ಟು. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಆಡುವ ಹುಡುಗನು ಕೋಲು ವಾಲಿದ ಕಡೆಗೆ ಕೈಯನ್ನು ಸರಿಸುತ್ತಾನಲ್ಲವೆ? ಅದೇ ಆಟವಿದು. ತಿರುಗುವ ಚಕ್ರಗಳು ಬುಗುರಿಯಂತೆ ತಾವಾಗಿಯೇ ನೆಟ್ಟಗೆ ನಿಲ್ಲುವುದರಿಂದ ಸೈಕಲ್ಲು ಬೀಳುವುದಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಹಾಲೆಂಡಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಸೇರಿ ಆ ಬುಗುರಿಯ ಗುಣವನ್ನು ಪೂರ್ತಿಯಾಗಿ ಅಳಿಸಿಹಾಕಿದ ಒಂದು ವಿಚಿತ್ರ ಸೈಕಲ್ಲನ್ನು ನಿರ್ಮಿಸಿ, ಅದೂ ಬೀಳದೆ ಓಡುವುದೆಂಬುದನ್ನು 2011ರಲ್ಲಿ ತೋರಿಸಿಕೊಟ್ಟರು. ಅದು ಕೂಡ ವಾಲಿದ ಕಡೆಗೆ ತಾನೇ ಹೊರಳಿಕೊಂಡು ಎದ್ದು ನಿಲ್ಲುತ್ತಿತ್ತು.

ಹೀಗಿರಲು ಸೈಕಲ್ಲು ಎಳೆಯುವ ದಾರಿಯು ಸರಳರೇಖೆಯಾಗಿರುವುದು ಸಾಧ್ಯವೇ ಇಲ್ಲ. ಮಳೆ ನಿಂತ ಮೇಲೆ ಒದ್ದೆಯಾದ ಚಕ್ರದ ಗುರುತು ಒಣರಸ್ತೆಯ ಮೇಲೆ ಮೂಡಿದ್ದನ್ನು ನೋಡಿದರೆ ತಿಳಿಯುತ್ತದೆ. ಹಳೆಯ ಚಿತ್ರಕವಿಗಳಿಗೆ ಈ ಗೆರೆಯ ಪರಿಚಯವಿತ್ತು. ನಡೆಯುತ್ತಿರುವ ಎತ್ತು ನೆಲದ ಮೇಲೆ ಬಿಟ್ಟುಹೋಗುವ ಓರೆಕೋರೆ ಗುರುತಿನಿಂದ ಅವರು ಒಂದು ಬಂಧಕ್ಕೆ ಗೋಮೂತ್ರಿಕೆ ಎಂದು ಹೆಸರಿಟ್ಟರು. ಡಚ್ಚರು ಸೈಕಲ್ಲಿನ ಈ ಓಲಾಟಕ್ಕೆ ಬೂಟಿನ ಲಾಡಿಯ ಹೆಸರನ್ನು ಕೊಟ್ಟಿದ್ದಾರೆ. ಕಣ್ಣಿನಿಂದ ಕಣ್ಣಿಗೆ ಅತ್ತಿತ್ತ ಹೆಣೆದುಕೊಂಡು ಹೋಗುವ ಲಾಡಿಯನ್ನು ನೆನೆದರೆ ಆ ಹೆಸರೂ ಒಪ್ಪತಕ್ಕದ್ದೇ.

ಹೆಸರಿಟ್ಟು ಸುಮ್ಮನಾಗದೆ ಡಚ್ಚರು ಇದನ್ನು ಅಳೆದರು. ಅವರ ರಸ್ತೆ ಎಂಜಿನಿಯರುಗಳು ಅನುಸರಿಸುವ ಸೈಕಲ್ ಸಂಚಾರದ ಕೈಪಿಡಿಯಲ್ಲಿ ಸವಾರನ ಅಗಲವನ್ನು 75 ಸೆಂಟಿಮೀಟರೆಂದು ಹಿಡಿಯಲಾಗಿದೆ. ಮೊಳದ ಲೆಕ್ಕದಲ್ಲಿ ಒಂದೂವರೆ ಮೊಳಕ್ಕೆ ಸ್ವಲ್ಪ ಮೇಲೆ. ಸಾಮಾನ್ಯ ವೇಗದಲ್ಲಿ ಓಲಾಟಕ್ಕೆ ಇನ್ನೊಂದು 20 ಸೆಂಟಿಮೀಟರು ಬೇಕು, ಎಂದರೆ ಹೆಚ್ಚುಕಡಿಮೆ ಒಂದು ಗೇಣು. ಅಲ್ಲಿಗೆ ಚಲಿಸುತ್ತಿರುವ ಒಬ್ಬ ಸವಾರನಿಗೆ ಒಂದು ಮೀಟರು ಎಂದಾಯಿತು. ಆದರೆ ಗಂಟೆಗೆ 12 ಕಿಲೋಮೀಟರಿಗಿಂತ ವೇಗ ತಗ್ಗಿತೆಂದರೆ ಸೈಕಲ್ಲು ಹೆಚ್ಚು ಹೆಚ್ಚು ಓಲತೊಡಗುತ್ತದೆ. ನಿಂತಲ್ಲಿಂದ ಹೊರಡುವಾಗ ಮತ್ತು ದಿಣ್ಣೆ ಹತ್ತುವಾಗ ಆ ಗೇಣು 80 ಸೆಂಟಿಮೀಟರಿನವರೆಗೂ ಬೆಳೆಯಬಹುದು. ಆಗ ಅದೇ ಸವಾರನಿಗೆ ಮೂರು ಮೊಳವನ್ನು ಮೀರಿದ ಅಗಲ ಬೇಕಾಗುತ್ತದೆ. ಡ್ರಿಲ್ ಮಾಸ್ತರರ ಪಂದ್ಯದ ಮರ್ಮವೂ ಇದೇ.

ಇದನ್ನು ನಮ್ಮ ಪೇಟೆಯ ನಾಲ್ಕು ರಸ್ತೆ ಕೂಡುವ ಸ್ಥಳಕ್ಕೆ ಅನ್ವಯಿಸಿ ನೋಡಬಹುದು. ಕೆಂಪು ದೀಪ ಆರಿ ಹಸಿರು ದೀಪ ಹತ್ತುತ್ತದೆ. ಸೈಕಲ್ಲಿನವನು ಒಂದು ಕಾಲಿನಿಂದ ನೆಲ ಒದ್ದು, ದೇಹದ ಭಾರವನ್ನೆಲ್ಲ ಒಂದು ಪೆಡಲಿನ ಮೇಲೆ ಹಾಕಿ ಓಲಾಡುತ್ತ ಹೊರಡುವ ಆ ಹತ್ತು ಹನ್ನೆರಡು ಗಜಗಳಲ್ಲಿಯೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಜಾಗ ಬೇಕು. ಹಿಂದಿನ ಬಸ್ಸು, ಆಟೋ, ಮೋಟಾರ್ ಸೈಕಲ್ಲುಗಳು ಅವನನ್ನು ಅಂಚಿಗೆ ಒತ್ತಿ ಮುನ್ನುಗ್ಗುವುದೂ ಅಲ್ಲಿಯೇ. ಬಸ್ಸಿನವರಿಗೆ ದ್ವೇಷವಿದೆಯೆಂದಲ್ಲ, ಅವನು ನೇರವಾಗಿ ಹೋಗುತ್ತಾನೆಂದು ಅವರು ಭಾವಿಸಿದ್ದಾರೆ.

ಅಂಚಿನ ಭಯ

ಸವಾರನ ಎರಡು ಪಕ್ಕಗಳಲ್ಲಿ ಏನಿದೆಯೆಂಬುದೂ ಲೆಕ್ಕಕ್ಕೆ ಬರುತ್ತದೆ. ಹುಲ್ಲಿನ ದಿಬ್ಬದಿಂದ ಅಥವಾ ತಗ್ಗಾದ ಅಂಚುಕಲ್ಲಿನಿಂದ ಸವಾರನು ಒಂದು ಗೇಣು ದೂರವಿರಲು ಬಯಸುತ್ತಾನೆ. ಎತ್ತರವಾದ ಅಂಚುಕಲ್ಲಾದರೆ ಅರ್ಧ ಮೀಟರು. ಗೋಡೆಯಾದರೆ ಅದಕ್ಕಿಂತಲೂ ಹೆಚ್ಚು, 62 ಸೆಂಟಿಮೀಟರಿನಷ್ಟು. ಡಚ್ಚರ ಕೈಪಿಡಿಯಲ್ಲಿ ಇದಕ್ಕೆ ಅಡೆತಡೆಯ ಭಯವೆಂದೇ ಹೆಸರು. ಗೋಡೆಯ ಪಕ್ಕದ ಎರಡು ಗೇಣು ರಸ್ತೆ ಯಾವ ಸವಾರನಿಗೂ ಉಪಯೋಗಕ್ಕೆ ಬಾರದು. ನಕ್ಷೆಯಲ್ಲಿ ಅದು ರಸ್ತೆ, ಸವಾರನ ಮಟ್ಟಿಗೆ ಗೋಡೆಯ ಭಾಗ.

ಈ ಭಯವು ಹೇಡಿತನವಲ್ಲ. ಅದರ ಹಿಂದೆ ಒಂದು ಸೋಜಿಗದ ಕಾರಣವಿದೆ. ವಿಮಾನವನ್ನು ಹಾರಿಸಿ ಜಗತ್ಪ್ರಸಿದ್ಧರಾದ ರೈಟ್ ಸಹೋದರರು ಅದಕ್ಕೆ ಮೊದಲು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಅವರಲ್ಲಿ ಹಿರಿಯನಾದ ವಿಲ್ಬರ್ ರೈಟ್ ಅನೇಕ ಸವಾರರನ್ನು, ‘ಎಡಕ್ಕೆ ತಿರುಗಬೇಕಾದರೆ ಏನು ಮಾಡುತ್ತೀರಿ?’ ಎಂದು ಕೇಳಿದನಂತೆ. ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸುತ್ತೇವೆಂದು ಎಲ್ಲರೂ ಹೇಳಿದರು. ತಾನು ಮೊದಲು ಕ್ಷಣಮಾತ್ರ ಬಲಕ್ಕೆ ತಿರುಗಿಸುತ್ತೇನೆಂಬುದು ಅವರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ. ವಸ್ತುಸ್ಥಿತಿ ಹಾಗೆಯೇ ಇದೆ. ಎಡಕ್ಕೆ ತಿರುಗಬೇಕಾದರೆ ದೇಹ ಎಡಕ್ಕೆ ವಾಲಬೇಕು; ದೇಹ ಎಡಕ್ಕೆ ವಾಲಬೇಕಾದರೆ ಚಕ್ರಗಳು ಒಂದಿಷ್ಟು ಬಲಕ್ಕೆ ಸರಿಯಬೇಕು.

ರಸ್ತೆಯ ಎಡ ಅಂಚಿಗೆ ಅಂಟಿಕೊಂಡು ಹೋಗುತ್ತಿರುವ ಸವಾರನ ಪಾಡನ್ನು ಈಗ ಊಹಿಸಬಹುದು. ಎದುರಿಗೆ ಬಾಯ್ದೆರೆದ ಚರಂಡಿ ಕಂಡಿದೆ; ಬಲಕ್ಕೆ ಸರಿಯಬೇಕು. ಬಲಕ್ಕೆ ಸರಿಯಲು ಚಕ್ರವು ಮೊದಲು ಎಡಕ್ಕೆ ಹೋಗಬೇಕು. ಆದರೆ ಎಡಕ್ಕೆ ಅಂಚುಕಲ್ಲಿದೆ. ಚಕ್ರ ಕಲ್ಲಿಗೆ ಉಜ್ಜಿದೊಡನೆ ಹೊರಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಸವಾರನು ಉರುಳುತ್ತಾನೆ. ‘ಅಂಚಿನಲ್ಲಿ ಹೋಗು ಮಗು, ಅದೇ ಕ್ಷೇಮ’ ಎಂದು ಮನೆಯ ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿವಾದದಲ್ಲಿ ಪ್ರೀತಿಯಿದೆ, ಆದರೆ ಯಂತ್ರಶಾಸ್ತ್ರವಿಲ್ಲ. 2022ರಲ್ಲಿ ಪರಿಷ್ಕೃತವಾದ ಬ್ರಿಟನ್ನಿನ ರಸ್ತೆ ನಿಯಮಾವಳಿಯು ಸವಾರರಿಗೆ ಹೇಳುವುದು ಇದಕ್ಕೆ ತಿರುಗಾಮುರುಗಾ. ಅಂಚುಕಲ್ಲಿನಿಂದ ಅರ್ಧ ಮೀಟರಾದರೂ ದೂರವಿರಬೇಕು. ನಿಂತ ಕಾರುಗಳ ಪಕ್ಕದಲ್ಲಿ ಹಾಯುವಾಗ ಒಂದು ಮೀಟರು, ಎಂದರೆ ಒಂದು ಬಾಗಿಲು ತೆರೆಯುವಷ್ಟು ಜಾಗ ಬಿಡಬೇಕು. ಕಾರಿನ ಬಾಗಿಲು ಸಾಮಾನ್ಯ ಶತ್ರುವಲ್ಲ. ಚಾಲಕನು ಫೋನಿನಲ್ಲಿ ಮಾತು ಮುಗಿಸಿ ಬಾಗಿಲನ್ನು ತಟಕ್ಕನೆ ತಳ್ಳುತ್ತಾನೆ. ಬರುತ್ತಿದ್ದ ಸವಾರನಿಗೆ ಬೆಲ್ಲು ಬಾರಿಸುವಷ್ಟೂ ವ್ಯವಧಾನವಿರುವುದಿಲ್ಲ. ಬಾಗಿಲಿನಿಂದ ದೂರವಿರುವ ಕೈಯಿಂದ, ನಮ್ಮ ಕಾರುಗಳಲ್ಲಿ ಚಾಲಕನ ಎಡಗೈಯಿಂದ, ಬಾಗಿಲು ತೆರೆಯುವ ಅಭ್ಯಾಸವನ್ನು ಕೆಲವು ದೇಶಗಳಲ್ಲಿ ಕಲಿಸುತ್ತಾರೆ. ಹಾಗೆ ತೆರೆದಾಗ ಮೈ ತಾನಾಗಿಯೇ ಹೊರಳಿ ಕಣ್ಣು ಹಿಂದಕ್ಕೆ ಹಾಯುತ್ತದೆ. ಕಾಸು ಖರ್ಚಿಲ್ಲದ ಉಪಾಯ.

ಲಾರಿ ಹಾಯುವ ಲೆಕ್ಕ

ಇಷ್ಟು ಸವಾರನ ಸ್ವಂತ ಅಗತ್ಯ. ಅವನನ್ನು ಹಿಂದೆ ಹಾಕಿ ಹೋಗುವ ವಾಹನವು ಬಿಡಬೇಕಾದ ಅಂತರ ಬೇರೆ. ಫ್ರಾನ್ಸಿನಲ್ಲಿ ಇದು ಊರೊಳಗೆ ಒಂದು ಮೀಟರು, ಊರ ಹೊರಗೆ ಒಂದೂವರೆ ಮೀಟರು. ಜರ್ಮನಿಯು 2020ರಲ್ಲಿ ಊರೊಳಗೆ ಒಂದೂವರೆ, ಹೊರಗೆ ಎರಡು ಮೀಟರೆಂದು ಕಾನೂನು ಮಾಡಿತು. ವೇಗವಾಗಿ ಬರುವ ದೊಡ್ಡ ಲಾರಿಯು ತನ್ನ ಮುಂದಿನ ಗಾಳಿಯಿಂದ ಸವಾರನನ್ನು ಮೊದಲು ಆಚೆಗೆ ನೂಕಿ, ಮರುಗಳಿಗೆಯಲ್ಲಿ ತನ್ನ ಕಡೆಗೇ ಸೆಳೆಯುವುದನ್ನು ಬಲ್ಲವರು ಈ ಅಂಕೆಗಳನ್ನು ಅತಿಯೆನ್ನಲಾರರು.

ನಮ್ಮ ಜೋಡಿಸಾಲಿನ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ ಏಳು ಮೀಟರು, ಒಂದೊಂದು ದಿಕ್ಕಿಗೆ ಮೂರೂವರೆ. ಲಾರಿ ಬಸ್ಸುಗಳಿಗೆ ಕಾನೂನು ಒಪ್ಪುವ ಗರಿಷ್ಠ ಅಗಲ 2.6 ಮೀಟರು. ಸವಾರನು ಡಾಂಬರಿನ ಅಂಚಿನಿಂದ ಒಂದು ಗೇಣು ಬಿಟ್ಟು ಹೋಗುತ್ತಿದ್ದಾನೆನ್ನೋಣ. ಅಂಚಿಗೆ 25 ಸೆಂಟಿಮೀಟರು, ಸವಾರನಿಗೆ ಒಂದು ಮೀಟರು, ನಡುವಿನ ಅಂತರ ಒಂದೂವರೆ ಮೀಟರು, ಲಾರಿಗೆ 2.6, ಒಟ್ಟು 5.35 ಮೀಟರು. ಎಂದರೆ ಲಾರಿಯು ಎದುರು ಸಾಲಿನೊಳಕ್ಕೆ 1.85 ಮೀಟರಿನಷ್ಟು ಸರಿದುಕೊಂಡೇ ಹೋಗಬೇಕು. ಎದುರಿನಿಂದ ಇನ್ನೊಂದು ಲಾರಿ ಬರುತ್ತಿದ್ದರೆ ಹಾಯುವುದಕ್ಕೆ ಎಡೆಯೇ ಇಲ್ಲ. ಅದು ದಾಟುವವರೆಗೆ ಸೈಕಲ್ಲಿನ ಹಿಂದೆ ನಿಧಾನವಾಗಿ ಬರಬೇಕು. ಹಾಗೆ ಬರುವ ಲಾರಿಗಳು ಎಷ್ಟಿವೆಯೆಂಬುದನ್ನು ಹೆದ್ದಾರಿಯ ಪಕ್ಕದ ಊರಿನವರೇ ಹೇಳಬೇಕು. ಇನ್ನು 3.75 ಮೀಟರಿನ ಒಂಟಿಸಾಲಿನ ರಸ್ತೆಯಲ್ಲಿ ಬಸ್ಸು ಹೋದ ಮೇಲೆ ಉಳಿಯುವುದು 1.15 ಮೀಟರು. ಅಲ್ಲಿ ಲೆಕ್ಕವೇ ಬೇಡ, ಸವಾರನು ಮಣ್ಣಿಗಿಳಿಯುತ್ತಾನೆ.

ಚಾಲಕರು ಎಷ್ಟು ಅಂತರ ಬಿಡುತ್ತಾರೆಂಬುದನ್ನು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಸ್ವತಃ ಸವಾರಿ ಮಾಡಿ ಪರೀಕ್ಷಿಸಿದರು. ಸೈಕಲ್ಲಿಗೆ ಅಂತರ ಅಳೆಯುವ ಯಂತ್ರವನ್ನು ಕಟ್ಟಿಕೊಂಡು, ಒಮ್ಮೆ ಶಿರಸ್ತ್ರಾಣ ಧರಿಸಿ, ಒಮ್ಮೆ ಬರಿದಲೆಯಲ್ಲಿ ಓಡಾಡಿದರು. 2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎರಡು ಸಾವಿರವನ್ನು ಮೀರಿದ ವಾಹನಗಳ ಸರಾಸರಿ ತೆಗೆದಾಗ ಶಿರಸ್ತ್ರಾಣವಿದ್ದಾಗ ಅಂತರವು 8.5 ಸೆಂಟಿಮೀಟರು ಕಡಿಮೆಯಾಗಿತ್ತು. ಇವನು ನುರಿತವನು, ಬೀಳಲಾರನು ಎಂಬ ಭಾವನೆ ಚಾಲಕರಿಗೆ ಬಂದಿರಬೇಕೆಂದು ಅವರ ಊಹೆ. ಉದ್ದ ಕೂದಲಿನ ಟೋಪನ್ನು ಧರಿಸಿ ಹಿಂದಿನಿಂದ ಹೆಂಗಸಿನಂತೆ ಕಾಣುತ್ತ ಹೋದಾಗ ಚಾಲಕರು ಇನ್ನಷ್ಟು ದೂರ ಸರಿದು ಹೋದರಂತೆ! ಈ ಪರೀಕ್ಷೆಯ ಕಾಲದಲ್ಲಿ ಅವರಿಗೆ ಒಮ್ಮೆ ಬಸ್ಸೂ ಒಮ್ಮೆ ಲಾರಿಯೂ ಬಡಿದವು, ಪುಣ್ಯವಶಾತ್ ಪ್ರಾಣಾಪಾಯವಾಗಲಿಲ್ಲ. ಶಿರಸ್ತ್ರಾಣದ ಲೆಕ್ಕವನ್ನು ಮುಂದೆ ಬೇರೆ ವಿದ್ವಾಂಸರು ಪ್ರಶ್ನಿಸಿದ್ದುಂಟು. ಆದರೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ಯೋಚಿಸತಕ್ಕದ್ದು. ಸವಾರನು ಅಂಚನ್ನು ಬಿಟ್ಟು ನಡುವಿಗೆ ಬಂದಷ್ಟೂ ವಾಹನಗಳು ಅವನನ್ನು ಹೆಚ್ಚು ಹತ್ತಿರದಿಂದ ದಾಟಿದವು. ಚಾಲಕರು ಸವಾರನಿಂದ ಅಂತರವನ್ನು ಎಣಿಸಿ ಸಾಗುವುದಿಲ್ಲ. ತಾವು ಎಂದಿನಂತೆ ಹೋಗುವ ಜಾಡಿನಲ್ಲೇ ಹೋಗುತ್ತಾರೆ. ಅಂಚಿನಲ್ಲಿ ಹೋದರೆ ಕಲ್ಲಿನ ಭಯ, ನಡುವೆ ಹೋದರೆ ಲಾರಿಯ ಭಯ. ಸವಾರನ ಜಾಣ್ಮೆಯೊಂದರಿಂದಲೇ ಈ ತೊಡಕು ಬಿಡಿಸಿಕೊಳ್ಳುವಂಥದಲ್ಲ.

ಮಕ್ಕಳು ಸತ್ತ ಮೇಲೆ

ಸೈಕಲ್ಲಿಗೆಂದೇ ಬೇರೆ ದಾರಿ ಮಾಡಿಕೊಡುವ ಆಲೋಚನೆ ಹೊಸದಲ್ಲ. 1934ರ ಡಿಸೆಂಬರಿನಲ್ಲಿ ಲಂಡನ್ನಿನ ಪಶ್ಚಿಮಕ್ಕೆ ವೆಸ್ಟರ್ನ್ ಅವೆನ್ಯೂ ಎಂಬ ಹೆದ್ದಾರಿಯ ಎರಡು ಪಕ್ಕಗಳಲ್ಲಿ ಎಂಟೂವರೆ ಅಡಿ ಅಗಲದ ಸೈಕಲ್ ಪಥಗಳನ್ನು ಎರಡೂವರೆ ಮೈಲಿ ಉದ್ದಕ್ಕೆ ನಿರ್ಮಿಸಿ, ಸಾರಿಗೆ ಸಚಿವ ಹೋರ್-ಬೆಲಿಶಾ ಪ್ರಾರಂಭೋತ್ಸವ ಮಾಡಿದರು. ಅಗಲದಲ್ಲಿ ಜಿಪುಣತನ ತೋರಿದ್ದರೆಂದು ಹೇಳುವಂತಿಲ್ಲ. ಆದರೂ ಅಲ್ಲಿನ ಸೈಕಲ್ ಸವಾರರ ಸಂಘವೇ ಅದನ್ನು ವಿರೋಧಿಸಿತು. ಇಂದು ಪಥ ಕೊಟ್ಟವರು ನಾಳೆ ರಸ್ತೆಯಿಂದಲೇ ಹೊರಗಟ್ಟಿಯಾರೆಂಬ ಶಂಕೆ ಅವರದು. ಅಡ್ಡರಸ್ತೆ ಬಂದಲ್ಲೆಲ್ಲ ಪಥ ತುಂಡಾಗಿ ಸವಾರನು ಇಳಿದು ಕಾಯಬೇಕಾದರೆ ಅದೆಷ್ಟು ಅಗಲವಿದ್ದೇನು?

ಹಾಲೆಂಡಿನವರು ಹುಟ್ಟಿನಿಂದಲೇ ಸೈಕಲ್ಲಿನವರೆಂದೂ ಅವರ ನೆಲ ಚಪ್ಪಟೆಯೆಂದೂ ಹೇಳಿ ಮಾತು ಮುಗಿಸುವವರಿದ್ದಾರೆ. ನೆಲ ಚಪ್ಪಟೆಯಾದುದು ನಿಜ. ಆದರೆ ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯೂ ಮೋಟಾರುಗಳು ತುಂಬಿ, ಬೀದಿಗಳನ್ನು ಅವುಗಳಿಗಾಗಿ ಅಗಲ ಮಾಡಿ, ಸೈಕಲ್ಲಿನವನನ್ನು ಮೂಲೆಗೊತ್ತಲಾಗಿತ್ತು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಇಂಥ ಅಪಘಾತದಲ್ಲಿ ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತರು 1972ರಲ್ಲಿ ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆ: ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’. ಆ ಮಾತನ್ನೇ ಹೆಸರಾಗಿ ಇಟ್ಟುಕೊಂಡು ಒಂದು ಸಂಘ ಹುಟ್ಟಿತು. ತಾಯಂದಿರೂ ತಂದೆಯರೂ ಮಕ್ಕಳೂ ಬೀದಿಗಿಳಿದರು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಸರ್ಕಾರವು ಭಾನುವಾರಗಳಂದು ಮೋಟಾರು ಸಂಚಾರವನ್ನು ನಿಲ್ಲಿಸಿತು. ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ಚಕ್ರದ ಬೂಟು ಕಟ್ಟಿಕೊಂಡು ಆಡಿದರು. ರಸ್ತೆಯಲ್ಲಿ ಎಷ್ಟು ಜಾಗವಿದೆಯೆಂಬುದು ಜನಕ್ಕೆ ಕಂಡದ್ದು ಆಗ.

ಮುಂದಿನ ಕೆಲವು ವರ್ಷಗಳಲ್ಲಿ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಸರ್ಕಾರದ ಹಣದಿಂದ ಮಾದರಿ ಸೈಕಲ್ ಪಥಗಳಾದವು. ಒಂದೇ ಒಂದು ಒಳ್ಳೆಯ ಪಥದಿಂದ ಹೆಚ್ಚಿನದೇನೂ ಆಗದೆಂದು ತಿಳಿದ ಮೇಲೆ ಡೆಲ್ಫ್ಟ್ ನಗರದಲ್ಲಿ ಊರಿಗೆ ಊರನ್ನೇ ಹೆಣೆಯುವ ಪಥಜಾಲವನ್ನು ಹಾಕಿದರು. ಇಂದು ಅಲ್ಲಿ ಏಕಮುಖ ಪಥವೂ ಎರಡು ಮೀಟರಿಗಿಂತ ಕಿರಿದಾಗಬಾರದು. ಸವಾರರು ಹೆಚ್ಚಿದಲ್ಲಿ ಮೂರು, ನಾಲ್ಕು ಮೀಟರು. ಎರಡು ಮೀಟರೆಂದರೆ ನಮ್ಮ ಒಂದು ಮಾರಿಗೆ ಸ್ವಲ್ಪ ಮೇಲೆ. ಇಷ್ಟೇಕೆ? ಡಚ್ಚರ ಕಾನೂನಿನಲ್ಲಿ ಇಬ್ಬರು ಜೋಡಿಯಾಗಿ ಸವಾರಿ ಮಾಡುವುದಕ್ಕೆ ಸ್ಪಷ್ಟವಾದ ಅನುಮತಿಯಿದೆ. ತಾಯಿ ಎಡಕ್ಕೆ, ಮಗು ಬಲಕ್ಕೆ, ಮಾತನಾಡುತ್ತ ಹೋಗುತ್ತಾರೆ. ಬೆನ್ನ ಹಿಂದೆ ಬರುವ ಮಗುವನ್ನು ಯಾವ ತಾಯಿಯೂ ಕಾಯಲಾರಳು. ಸವಾರನ ಸೌಖ್ಯವೆಂಬುದನ್ನು ವಿಲಾಸವೆಂದು ಬಗೆಯುವವರು ಈ ದೃಶ್ಯವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಕಾರಿನಲ್ಲಿ ಗಂಡಹೆಂಡಿರು ಒಬ್ಬರ ಹಿಂದೊಬ್ಬರು ಕುಳಿತು ಹೋಗಬೇಕೆಂದು ಯಾರೂ ನಿಯಮ ಮಾಡಿಲ್ಲ.

ನಮ್ಮ ಕಾಗದದಲ್ಲಿ

ಭಾರತದಲ್ಲಿ ಈ ಲೆಕ್ಕಗಳು ತಿಳಿಯದೆ ಇದ್ದವೆಂದು ಹೇಳಿದರೆ ಅನ್ಯಾಯವಾದೀತು. ವೆಸ್ಟರ್ನ್ ಅವೆನ್ಯೂವಿನ ಪಥಗಳು ತೆರೆದ ವರ್ಷವೇ, ಎಂದರೆ 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು 1962ರಲ್ಲಿಯೇ ಸೈಕಲ್ ಪಥಗಳ ರಚನೆಗೆಂದು ಒಂದು ಮಾರ್ಗಸೂಚಿಯನ್ನು ಹೊರತಂದಿತು. ಹ್ಯಾಂಡಲ್ಲಿನ ಅಗಲ 45ರಿಂದ 50 ಸೆಂಟಿಮೀಟರು, ಎರಡು ಪಕ್ಕಗಳಲ್ಲಿ ಒಂದೊಂದು ಗೇಣು ಎಡೆ, ಅಂತೂ ಒಂದು ಸಾಲಿಗೆ ಒಂದು ಮೀಟರೆಂದು ಅದು ಹೇಳಿತು. ಪಥವು ಎರಡು ಸಾಲಿಗಿಂತ ಕಡಿಮೆಯಿರಬಾರದು. ಒಬ್ಬರನ್ನೊಬ್ಬರು ದಾಟಿ ಹೋಗುವಂತಿರಬೇಕಾದರೆ ಮೂರು ಮೀಟರಿರಬೇಕು. ಅಷ್ಟೇ ಅಲ್ಲ, ಎಲ್ಲಿ ಪಥ ಬೇಕೆಂಬುದಕ್ಕೂ ಅಳತೆಯನ್ನು ಕೊಟ್ಟಿತ್ತು: ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನಗಳು ಓಡಾಡುವ ರಸ್ತೆಯಾದರೆ ಗಂಟೆಗೆ 100 ಸೈಕಲ್ಲುಗಳಿದ್ದರೂ ಸಾಕು, ಬೇರೆ ಪಥವನ್ನು ಸಮರ್ಥಿಸಬಹುದು. 2015ರಲ್ಲಿ ಈ ಮಾರ್ಗಸೂಚಿ ಪರಿಷ್ಕೃತವೂ ಆಯಿತು. ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯ ಮುಂದಿನ ರಸ್ತೆಯಲ್ಲಿ ಯಾರಾದರೂ ಕಾಗದ ಪೆನ್ಸಿಲು ಹಿಡಿದು ಒಂದು ಗಂಟೆ ನಿಂತರೆ, ಈ ಲೆಕ್ಕ ತಮ್ಮ ಊರಿಗೆ ಹೊಂದುತ್ತದೆಯೇ ಇಲ್ಲವೇ ಎಂಬುದು ಅವರಿಗೇ ಗೊತ್ತಾಗುತ್ತದೆ.

ಆ ಮಾರ್ಗಸೂಚಿಯಲ್ಲಿ ಕಾಣದ ಒಂದು ಅಂಶವಿದೆ, ಅದು ಹೊರೆ. ನಮ್ಮಲ್ಲಿ ಸೈಕಲ್ಲೆಂದರೆ ಬರಿಯ ಸವಾರನಲ್ಲ. ಎರಡು ಪಕ್ಕಗಳಲ್ಲಿ ತೂಗುವ ಹಾಲಿನ ಕ್ಯಾನುಗಳು, ಎಳನೀರಿನ ಗೊನೆಗಳು, ಹುಲ್ಲಿನ ಹೊರೆ, ಅನಿಲದ ಸಿಲಿಂಡರು, ಕ್ಯಾರಿಯರಿನ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತ ಹೆಂಡತಿ, ಮುಂದಿನ ಸರಳಿನ ಮೇಲೆ ಮಗು. ಹೊರೆಯಿಂದ ಅಗಲ ಹೆಚ್ಚುತ್ತದೆ, ವೇಗ ತಗ್ಗುತ್ತದೆ, ವೇಗ ತಗ್ಗಿದ್ದರಿಂದ ಓಲಾಟ ಹೆಚ್ಚುತ್ತದೆ. ಡಚ್ಚರ 75 ಸೆಂಟಿಮೀಟರು ನಮ್ಮ ಹಾಲಿನವನಿಗೆ ಎಲ್ಲಿಗೂ ಸಾಲದು.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ, ಕೋವಿಡ್ ಕಾಲದಲ್ಲಿ, ಗೂಟಗಳನ್ನು ನೆಟ್ಟು ಸೈಕಲ್ಲಿಗೆಂದು ಒಂದು ಸಾಲನ್ನು ಬೇರ್ಪಡಿಸಿದ್ದುಂಟು. ಸ್ವಲ್ಪ ಕಾಲದಲ್ಲಿಯೇ ಗೂಟಗಳು ಮುರಿದವು. ಮೋಟಾರ್ ಸೈಕಲ್ಲುಗಳು ಒಳನುಗ್ಗಿದವು. ಮೆಟ್ರೋ ಕಾಮಗಾರಿ ಉಳಿದುದನ್ನು ನುಂಗಿತು. ಖಾಲಿ ಕಂಡ ಜಾಗವನ್ನು ಖಾಲಿ ಬಿಡುವುದು ನಮ್ಮ ಬೀದಿಗಳ ಜಾಯಮಾನವಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಹಳ್ಳಿಗಳಲ್ಲಿ ನಡೆದಿತ್ತು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅನೇಕ ವರ್ಷ ನಡೆದ ಈ ಯೋಜನೆಯಿಂದ, ಏಳನೆಯ ತರಗತಿಗೇ ಓದು ನಿಲ್ಲಿಸಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಮೂರು ನಾಲ್ಕು ಮೈಲಿಯಾಚೆಯ ಪ್ರೌಢಶಾಲೆಗೆ ಹೋಗುವಂತಾಯಿತು. ಸೈಕಲ್ಲೇನೋ ಬಂತು; ಅದನ್ನು ಬಿಡುವುದಕ್ಕೆ ಒಂದು ಮೀಟರು ದಾರಿ ಬರಲಿಲ್ಲ. ಎರಡು ಜಡೆಗಳ ಹುಡುಗಿಯರು ಇಬ್ಬಿಬ್ಬರಾಗಿ, ಗಣಿತದ ಮೇಷ್ಟರ ಮಾತನ್ನೋ ಮನೆಯ ಕರುವಿನ ಮಾತನ್ನೋ ಆಡಿಕೊಂಡು ಹೋಗುತ್ತಿರುತ್ತಾರೆ. ಹಿಂದೆ ಲಾರಿಯ ಹಾರನ್ನು ಕೇಳಿಸುತ್ತದೆ. ಮಾತು ಅರ್ಧಕ್ಕೇ ನಿಲ್ಲುತ್ತದೆ. ಒಬ್ಬಳು ಹಿಂದಾಗುತ್ತಾಳೆ, ಇಬ್ಬರೂ ಅಂಚಿಗೆ ಸರಿಯುತ್ತಾರೆ, ಲಾರಿ ಇನ್ನೂ ಹತ್ತಿರ ಬಂದರೆ ಮಣ್ಣಿಗಿಳಿಯುತ್ತಾರೆ.

ಮಣ್ಣಿಗಿಳಿಯುವುದು ಸುಲಭ, ಮತ್ತೆ ಹತ್ತುವುದು ಕಷ್ಟ. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರನ್ನು ವರ್ಷ ವರ್ಷವೂ ಹೊಯ್ದು ರಸ್ತೆಯ ನೆತ್ತಿ ಏರುತ್ತದೆ. ಪಕ್ಕದ ಮಣ್ಣು ಮಳೆಗೆ ಕೊಚ್ಚಿ ಇಳಿಯುತ್ತದೆ. ನಡುವೆ ನಾಲ್ಕೈದು ಅಂಗುಲದ ಒಂದು ಮೆಟ್ಟಿಲು ಉಂಟಾಗುತ್ತದೆ. ಕಾರಿನ ದಪ್ಪ ಚಕ್ರಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮ ಸಾಧಾರಣ ಸೈಕಲ್ಲಿನ ಟೈರು ಒಂದೂವರೆ ಅಂಗುಲದ್ದು. ಅದು ಆ ಅಂಚನ್ನು ಓರೆಯಾಗಿ ಹತ್ತಲು ಹೋದರೆ ಅಂಚಿಗೇ ಉಜ್ಜಿಕೊಂಡು ಜಾರುತ್ತದೆ. ವಿಲ್ಬರ್ ರೈಟನ ಪಾಠ ಇಲ್ಲಿ ಮತ್ತೊಮ್ಮೆ ನಡೆಯುತ್ತದೆ, ಸವಾರಳು ರಸ್ತೆಯ ಕಡೆಗೆ ಬೀಳುತ್ತಾಳೆ. ಮೊದಲ ಲಾರಿಯಿಂದ ತಪ್ಪಿಸಿಕೊಂಡವಳಿಗೆ ಅಪಾಯವಿರುವುದು ಅದರ ಹಿಂದೆ ಬರುವ ಎರಡನೆಯದರಿಂದ. ಅನುಭವವಿದ್ದ ಹುಡುಗಿಯರು ಆದುದರಿಂದಲೇ ಸೈಕಲ್ಲಿನಿಂದ ಇಳಿದು, ಕೈಯಿಂದ ಎತ್ತಿ ಡಾಂಬರಿನ ಮೇಲಿಟ್ಟು, ಮತ್ತೆ ಹತ್ತುತ್ತಾರೆ. ಶಾಲೆಗೆ ತಡವಾಗಲು ಇದೂ ಒಂದು ಕಾರಣವೆಂದು ಹಾಜರಿ ಕೂಗುವ ಮೇಷ್ಟರಿಗೆ ಯಾರೂ ಹೇಳುವುದಿಲ್ಲ.

ಹಿಂದೆ ಲೋಕೋಪಯೋಗಿ ಇಲಾಖೆಯ ಗ್ಯಾಂಗ್‌ಮನ್ನುಗಳು ಮಳೆಗಾಲ ಮುಗಿದ ಮೇಲೆ ರಸ್ತೆಯ ಇಕ್ಕೆಲಗಳಿಗೂ ಗರಸು ಮಣ್ಣು ಹೊತ್ತು ಹಾಕಿ, ದಿಮ್ಮಸು ಬಡಿದು, ಡಾಂಬರಿನ ಮಟ್ಟಕ್ಕೆ ಸಮಮಾಡುತ್ತಿದ್ದರು. ಬುಟ್ಟಿ, ಸಲಿಕೆ, ನಾಲ್ಕು ಜನ ಆಳು. ಬೇರೆ ಯಂತ್ರವೇನೂ ಬೇಕಾಗಿರಲಿಲ್ಲ. ಗರಸಿನ ಗುಂಡಿಗಳು ಈಗಲೂ ಅನೇಕ ಊರುಗಳ ಹೊರಗೆ ಇದ್ದ ಹಾಗೆಯೇ ಇವೆ.